ಕತ್ತಕ್ಕನ ಸರಹದ್ದು: ಕತ್ತಿನಿಂದ ಸೊಂಟದವರೆಗೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೀದಿದೀಪಗಳು ಆರಿಲ್ಲ. ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯ ಕಟ್ಟಡದ ಎದುರು ಸಾಲಾಗಿರುವ ಅಂಗಡಿಗಳಲ್ಲಿ ಒಂದರ ಷಟರ್ ಮಾತ್ರ ಅರ್ಧಕ್ಕೆ ಎದ್ದಿದೆ. ಬಗ್ಗಿ ಒಳಗೆ ನುಸುಳಲು ಹೋದ ನನ್ನನ್ನು ಒಂದು ದನಿ ತಡೆಯುತ್ತದೆ. "ತಡೀರಿ, ಬಗ್ಗಬೇಡಿ. ಇಲ್ಲಿ ಯಾರೂ ಬಗ್ಗೋ ಹಾಗಿಲ್ಲ." ಷಟರ್ ಗರಗರ ಸದ್ದು ಮಾಡುತ್ತ ಪೂರ್ತಿ ಮೇಲೇರುತ್ತದೆ. ಕನ್ನಡಕವನ್ನು ನೆತ್ತಿಗೇರಿಸಿಕೊಂಡ, ಐವತ್ತೇಳು ವರ್ಷದ ಹೆಂಗಸೊಬ್ಬರು ಕೈಯಲ್ಲಿ ಹತ್ತಾರು ಹಾಳೆ ಹಿಡಿದು ನಿಂತಿದ್ದಾರೆ.

ಇವರನ್ನು ಈ ಬೀದಿಯಲ್ಲಿ ಎಲ್ಲರೂ ಕರೆಯುವುದು ಕತ್ತಕ್ಕ ಎಂದು. ಸೇವೆಯಲ್ಲಿದ್ದಾಗ ಕತ್ತಿಗೋ ಬೆನ್ನುಮೂಳೆಗೋ ಪೆಟ್ಟು ಮಾಡಿಕೊಂಡು, ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿ, ಇಲ್ಲ ಅನ್ನಿಸಿಕೊಂಡು ಬಂದ ಮಾಜಿ ಸೈನಿಕರಿಗೆ ಮೇಲ್ಮನವಿ ಬರೆದುಕೊಡುವುದು ಇವರ ಕೆಲಸ. ಇದೇ ಸಾಲಿನಲ್ಲಿ ಇಂಥ ಕೆಲಸ ಮಾಡುವವರು ಇನ್ನೂ ನಾಲ್ವರಿದ್ದಾರೆ. ಕಿವಿ ಮಂದವಾದವರು ಮೂಲೆಯ ಅಂಗಡಿಗೆ ಹೋಗುತ್ತಾರೆ, ಮೊಣಕಾಲಿನವರು ಅದರ ಪಕ್ಕದ್ದಕ್ಕೆ. "ನನ್ನ ಸರಹದ್ದು ಕತ್ತಿನಿಂದ ಸೊಂಟದವರೆಗೆ. ಅದರಿಂದ ಆಚೆ ನಾನು ಕಾಲಿಡಲ್ಲ" ಎನ್ನುತ್ತಾರೆ ಕತ್ತಕ್ಕ.

ಅಂಗಡಿ ಎಂದರೆ ಒಂಬತ್ತು ಅಡಿ ಅಗಲದ ಕೋಣೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕಬ್ಬಿಣದ ಬೀರು. ಬೇರೆ ಕಡೆ ಕಾಣದ್ದು ಇಲ್ಲಿನ ಕುರ್ಚಿಗಳು. ಮೂರು ಕುರ್ಚಿ, ಮೂರೂ ಬೇರೆ ಬೇರೆ ಎತ್ತರ. ಕೂತರೆ ಏಳಲಾಗದವರಿಗೆ ಎತ್ತರದ ಸ್ಟೂಲು. ಕೂರಲೇ ಆಗದವರಿಗೆ ಗೋಡೆ. ಗೋಡೆಗೆ ಎದೆಮಟ್ಟದಲ್ಲಿ ಒಂದು ಓರೆ ಹಲಗೆ ಹೊಡೆದಿದೆ. ತಲೆ ತಗ್ಗಿಸಲು ಆಗದವರು ನಿಂತಲ್ಲೇ ಸಹಿ ಹಾಕಲಿ ಎಂದು.

ಇವತ್ತು ಆ ಗೋಡೆಗೆ ಒರಗಿ ನಿಂತವರು ನಲವತ್ತಾರು ವರ್ಷದ ಒಬ್ಬ ಮಾಜಿ ಸೈನಿಕ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುತ್ತಿದ್ದುದರಿಂದ ತಂತಿಯಣ್ಣ ಎಂದೇ ಹೆಸರು. ಕತ್ತಿಗೆ ಬಿಳಿಯ ಕಾಲರ್ ಇದೆ. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ. ಹತ್ತೂವರೆಗೆ ಎದುರಿನ ಕಟ್ಟಡದಲ್ಲಿ ಅವರ ವಿಚಾರಣೆ. ಮೊದಲ ಅರ್ಜಿ ತಿರಸ್ಕೃತವಾಗಿದೆ, ಎರಡನೆಯದೂ ಅಷ್ಟೆ. ಇದು ಮೂರನೆಯದು, ನಿಯಮದ ಪ್ರಕಾರ ಕೊನೆಯದು. ಕತ್ತಕ್ಕ ಹದಿನಾರು ಪುಟಗಳನ್ನೂ ಜೋರಾಗಿ ಓದಿ ಹೇಳುತ್ತಿದ್ದಾರೆ. ಒಂದು ಕಡೆ ತಂತಿಯಣ್ಣ ಕೈ ಎತ್ತುತ್ತಾರೆ. "ಅಕ್ಕ, ಬಕೆಟ್ ಎತ್ತೋಕಾಗಲ್ಲ ಅಂತಿದೆ. ಅರ್ಧ ತುಂಬಿದ್ರೆ ಎತ್ತುತ್ತೀನಿ." ಕತ್ತಕ್ಕ ಅಲ್ಲೇ ತಿದ್ದುತ್ತಾರೆ. ಆ ಪುಟ ಮತ್ತೆ ಪ್ರಿಂಟ್ ಆಗುತ್ತದೆ.

ಇಷ್ಟು ಬೆಳಿಗ್ಗೆ ಯಾಕೆ ಎಂದು ಕೇಳುತ್ತೇನೆ. "ನೋವಿರೋರಿಗೆ ನಾಲ್ಕು ಗಂಟೆಗೇ ಬೆಳಗಾಗುತ್ತೆ ಸ್ವಾಮಿ. ಮನೇಲಿ ಹೊರಳಾಡೋ ಬದಲು ಇಲ್ಲಿಗೆ ಬರಲಿ ಅಂತ. ಇನ್ನೊಂದೇನಂದ್ರೆ, ಬೆಳಿಗ್ಗೆ ಮೈ ಮರದ ಹಾಗೆ ಸೆಟೆದಿರುತ್ತೆ. ಆಗ ನೋಡಿದ್ರೆ ನನಗೆ ನಿಜ ಕಾಣುತ್ತೆ. ಹನ್ನೊಂದು ಗಂಟೆಗೆ ಮಾತ್ರೆ ನುಂಗಿ ಬಂದ್ರೆ, ನಾನು ಚೆನ್ನಾಗಿದೀನಿ ಅಂತ ನನಗೇ ಸುಳ್ಳು ಹೇಳ್ತಾರೆ. ಸೈನಿಕರಲ್ವಾ, ಅದೊಂದು ಸುಳ್ಳು ಅವರಿಗೆ ಚೆನ್ನಾಗಿ ಬರುತ್ತೆ."

ಕತ್ತಕ್ಕ ಈ ಕೆಲಸಕ್ಕೆ ಬಂದದ್ದು ಬೇಕು ಅಂತ ಅಲ್ಲ, ಕತ್ತಿಗೆ ಬಂದದ್ದರಿಂದ. ಅದೂ ಗಂಡನ ಕತ್ತಿಗೆ. ಅವರು ಹದಿನೇಳು ವರ್ಷ ಸೈನ್ಯದ ಟ್ಯಾಂಕ್ ಓಡಿಸಿದವರು. ಹಳ್ಳ ದಿಣ್ಣೆಗಳಲ್ಲಿ ವಾಹನ ಎಗರಿದಾಗಲೆಲ್ಲ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯುತ್ತಿತ್ತು. ಹೆಲ್ಮೆಟ್ ತಲೆಯನ್ನು ಕಾಯಿತು, ಕತ್ತನ್ನು ಕಾಯಲಿಲ್ಲ. ನಿವೃತ್ತಿಯಾಗಿ ಮನೆಗೆ ಬಂದು ಒಂದು ಶಾಲೆಯ ವ್ಯಾನಿಗೆ ಚಾಲಕರಾದರು. ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ತಿರುಗಿ ನೋಡಲು ಆಗುತ್ತಿಲ್ಲ ಎಂದು ಅವರೇ ಶಾಲೆಯವರಿಗೆ ಹೇಳಿದರು. "ಮಕ್ಕಳು ಓಡಾಡೋ ಜಾಗ. ಬಾಯಿ ಮುಚ್ಕೊಂಡಿದ್ರೆ ಕೆಲಸ ಉಳೀತಿತ್ತು, ಆದ್ರೆ ಹೇಗಿರೋದು" ಎನ್ನುತ್ತಾರೆ ಕತ್ತಕ್ಕನ ಯಜಮಾನರು. ಮರುದಿನದಿಂದ ಕೆಲಸ ಇಲ್ಲ. ಆಮೇಲೆ ಬೆರಳು ಮರಗಟ್ಟಲು ಶುರುವಾಯಿತು. ಹಿಡಿದ ಲೋಟ ಗೊತ್ತಿಲ್ಲದೆ ಕೈ ಜಾರುತ್ತಿತ್ತು.

ಪಿಂಚಣಿಯ ಅರ್ಜಿಯನ್ನು ಯಾರೋ ಒಬ್ಬರು ಬರೆದುಕೊಟ್ಟರು. ಬೀರುವಿನಿಂದ ಅದರ ಪ್ರತಿ ತೆಗೆದು ಕತ್ತಕ್ಕ ನನಗೆ ಕೊಡುತ್ತಾರೆ. "ದೇಶಸೇವೆಯ ಯಜ್ಞದಲ್ಲಿ ಸಮಿಧೆಯಂತೆ ಸವೆದ ಈ ದೇಹವು ಅಸಹನೀಯ ಯಾತನೆಯನ್ನು ಅನುಭವಿಸುತ್ತಿದ್ದು" ಎಂದು ಶುರುವಾಗಿ ಒಂದೂವರೆ ಪುಟ ಹಾಗೇ ಸಾಗುತ್ತದೆ. ಯಾವ ಮೂಳೆ, ಯಾವ ಬೆರಳು, ಏನು ಮಾಡಲಾಗುತ್ತಿಲ್ಲ, ಒಂದೂ ಇಲ್ಲ. ಉತ್ತರ ಮೂರು ಪದದಲ್ಲಿ ಬಂತು: ವಯೋಸಹಜ ಸವೆತ, ತಿರಸ್ಕೃತ. ಎರಡನೆಯದನ್ನು ಕತ್ತಕ್ಕ ತಾವೇ ಬರೆದರು. ಅಷ್ಟರಲ್ಲಿ ಮನೆ ಬದಲಾಯಿಸಿದ್ದರು. ಕಚೇರಿಯ ಪತ್ರ ಹಳೆಯ ವಿಳಾಸದಲ್ಲಿ ಬಿದ್ದಿತ್ತು. ಗಡುವು ಮುಗಿದು ಒಂಬತ್ತು ದಿನ ಆಗಿಹೋಗಿತ್ತು. ಅದೂ ವಾಪಸು.

"ಆಗ ನನಗೆ ಸಿಟ್ಟು ನೆತ್ತಿಗೇರಿತು" ಎನ್ನುತ್ತಾರೆ ಕತ್ತಕ್ಕ, ಸಿಟ್ಟಿನ ಸುಳಿವೇ ಇಲ್ಲದ ದನಿಯಲ್ಲಿ. ಆಗ ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ಕೆಲಸ ಮುಗಿಸಿ ಸಂಜೆ ಆಸ್ಪತ್ರೆಗೆ ಹೋಗಿ, ಫಿಸಿಯೊಥೆರಪಿ ವಿಭಾಗದ ಹೆಣ್ಣುಮಗಳೊಬ್ಬಳ ಬೆನ್ನು ಬಿದ್ದರು. ಕತ್ತು ಎಷ್ಟು ಡಿಗ್ರಿ ತಿರುಗಬೇಕು, ಇವರದು ಎಷ್ಟು ತಿರುಗುತ್ತೆ, ಬೆನ್ನುಮೂಳೆಯ ಯಾವ ಮಣಿಯಿಂದ ಹೊರಟ ನರ ಯಾವ ಬೆರಳಿಗೆ ಹೋಗುತ್ತೆ ಎಂದು ಕೇಳಿ ಕೇಳಿ ಕಲಿತರು. ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಗಂಡನಿಗೆ ಯಾವ ದಿನ ಏನು ಮಾಡಲಾಗಲಿಲ್ಲ ಎಂದು ನಲವತ್ತು ದಿನ ಬರೆದರು. ಷರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ನಾಲ್ಕು ನಿಮಿಷ. ಕಾಲುಚೀಲ ಹಾಕಿಕೊಳ್ಳಲು ಆಗಲಿಲ್ಲ. ಹದಿನೆಂಟನೆಯ ದಿನ ಹೀಗಿದೆ: "ಮಗಳು ಹಿಂದಿನಿಂದ ಅಪ್ಪಾ ಅಂದಳು. ಅವಳನ್ನು ನೋಡಲು ಇಡೀ ಮೈ ತಿರುಗಿಸಬೇಕಾಯಿತು. ಅಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು."

ಮೂರನೆಯ ವಿಚಾರಣೆಯಲ್ಲಿ ಮಂಡಳಿಯ ಅಧ್ಯಕ್ಷರು ಆ ಸಾಲನ್ನು ಗಟ್ಟಿಯಾಗಿ ಓದಿದರಂತೆ. ಮನವಿ ಮಂಜೂರಾಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಬ್ಬ ಸೈನಿಕ, "ನಂದೂ ಒಂದು ಬರ್ಕೊಡ್ತೀರಾ ಅಕ್ಕ" ಎಂದ. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಈಗ ಯಜಮಾನರಿಗೆ ಅರವತ್ತೆರಡು. ಬೀರುಗಳ ಉಸ್ತುವಾರಿ ಅವರದು. ಕೆಳಗಿನ ಎರಡು ಅರೆಗಳನ್ನು ಖಾಲಿ ಬಿಟ್ಟಿದ್ದಾರೆ, ಬಗ್ಗಬೇಕಾಗುತ್ತದೆಂದು. "ನಾನು ಇವಳ ಮೊದಲನೇ ಕೇಸು. ಗೆದ್ದು ಹನ್ನೊಂದು ವರ್ಷ ಆಯ್ತು, ಫೈಲ್ ಮಾತ್ರ ಮುಚ್ಚಿಲ್ಲ. ಈಗಲೂ ಗುಂಡಿ ಹಾಕೋವಾಗ ಗಡಿಯಾರ ನೋಡ್ತಾಳೆ" ಎಂದು ನಗುತ್ತಾರೆ. ನಗುವಾಗ ಅವರ ಭುಜ ಅಲುಗುತ್ತದೆ, ತಲೆ ಅಲುಗುವುದಿಲ್ಲ.

ಹನ್ನೊಂದು ವರ್ಷದಲ್ಲಿ ಕತ್ತಕ್ಕ ಬರೆದದ್ದು ನಾನೂರ ಹನ್ನೆರಡು ಮೇಲ್ಮನವಿ. ಗೆದ್ದದ್ದು ಇನ್ನೂರ ಅರವತ್ತೆಂಟು. ತೊಂಬತ್ತಮೂರು ಬಿದ್ದುಹೋದವು. ಉಳಿದವು ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಕಾಯುತ್ತಿವೆ. ದಿನಕ್ಕೆ ಏಳೆಂಟು ಜನ ಬರುತ್ತಾರೆ, ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಮನವಿ ಬರೆಯುವುದಿಲ್ಲ. ಒಬ್ಬೊಬ್ಬರ ಜೊತೆ ಕನಿಷ್ಠ ಐದು ಸಲ ಕೂರುತ್ತಾರೆ. ಪುಟಕ್ಕೆ ಇಷ್ಟು ಎಂದು ಟೈಪಿಂಗಿನ ದರ ಬಾಗಿಲಲ್ಲಿ ಬರೆದಿದೆ. ಗೆದ್ದವರು ಮೇಲೆ ಏನಾದರೂ ಕೊಡಲು ಬಂದರೆ, ಒಂದು ರಿಮ್ ಬಿಳಿ ಹಾಳೆ ತಂದುಕೊಡಿ ಎನ್ನುತ್ತಾರೆ. ಮೂಲೆಯಲ್ಲಿ ಹಾಳೆಯ ಕಟ್ಟುಗಳು ಆಳೆತ್ತರ ನಿಂತಿವೆ.

"ನೋವು, ನೋವು ಅಂತ ಬರೆದ್ರೆ ಯಾರೂ ಓದಲ್ಲ. ನೋವಿಗೆ ಸಾಕ್ಷಿ ಇಲ್ಲ ನೋಡಿ. ಏನು ಮಾಡೋಕಾಗಲ್ಲ ಅನ್ನೋದಕ್ಕೆ ಸಾಕ್ಷಿ ಇರುತ್ತೆ. ಹೆಂಡ್ತಿ ಇರ್ತಾಳೆ, ಮಕ್ಕಳಿರ್ತಾರೆ, ಪಕ್ಕದ ಮನೆಯೋರಿರ್ತಾರೆ" ಎಂದು ತಮ್ಮ ಕಸುಬಿನ ಗುಟ್ಟನ್ನು ಬಿಡಿಸಿಡುತ್ತಾರೆ. ಹಾಗೆಂದು ಇಲ್ಲದ್ದನ್ನು ಸೇರಿಸುವುದಿಲ್ಲ. ಕೈ ಮೇಲೆತ್ತಲು ಆಗುವುದೇ ಇಲ್ಲ ಎಂದು ಬರೆಯಿರಿ ಎಂದ ಒಬ್ಬರನ್ನು ವಾಪಸು ಕಳಿಸಿದ್ದಾರೆ. ಅವರು ಬಸ್ಸಿನಿಂದ ಇಳಿಯುವಾಗ ಮೇಲಿನ ಕಂಬಿಯಿಂದ ಚೀಲ ಇಳಿಸಿಕೊಂಡದ್ದನ್ನು ಕತ್ತಕ್ಕ ಅದೇ ಬಸ್ಸಿನಲ್ಲಿ ಕೂತು ನೋಡಿದ್ದರು.

ತಪ್ಪು ಅವರಿಂದಲೂ ಆಗಿದೆ. ಆರು ವರ್ಷದ ಹಿಂದೆ ಒಬ್ಬ ಹವಾಲ್ದಾರರ ಮನವಿಯ ಏಳನೆಯ ಪುಟ ಪ್ರಿಂಟರಿನಲ್ಲೇ ಉಳಿದುಹೋಯಿತು. ಎಂಆರ್‌ಐ ವರದಿಯ ವಿವರ ಇದ್ದದ್ದು ಅದರಲ್ಲೇ. ಮನವಿ ಬಿತ್ತು. ಮತ್ತೆ ತೆರೆಸಲು ಹದಿನಾಲ್ಕು ತಿಂಗಳು ಹಿಡಿಯಿತು. "ಆ ಹದಿನಾಲ್ಕು ತಿಂಗಳು ನನಗೆ ಊಟ ಮೈಗೆ ಹತ್ತಲಿಲ್ಲ" ಎನ್ನುತ್ತಾರೆ. ಹವಾಲ್ದಾರರು ಕೊನೆಗೆ ಗೆದ್ದರು. ಈಗಲೂ ಆ ಕಡೆ ಬಂದಾಗ ಬಾಗಿಲಲ್ಲಿ ನಿಂತು, "ಪುಟ ಎಣಿಸಿದ್ರಾ ಅಕ್ಕ?" ಎಂದು ಕೇಳಿಯೇ ಮುಂದೆ ಹೋಗುತ್ತಾರಂತೆ. ಅಂದಿನಿಂದ ಪುಟಗಳನ್ನು ಕತ್ತಕ್ಕ ಒಮ್ಮೆ ಎಣಿಸುತ್ತಾರೆ, ಅರ್ಜಿದಾರರಿಂದ ಒಮ್ಮೆ ಎಣಿಕೆ ಮಾಡಿಸುತ್ತಾರೆ, ಯಜಮಾನರು ಯಾರೂ ಹೇಳದಿದ್ದರೂ ಇನ್ನೊಮ್ಮೆ ಎಣಿಸುತ್ತಾರೆ.

ತಂತಿಯಣ್ಣನ ಕತೆಗೆ ಬರುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ, ಬೆಟ್ಟದ ಇಳಿಜಾರಿನಲ್ಲಿ ತಂತಿಯ ಉರುಳೆಯನ್ನು ಬೆನ್ನ ಮೇಲೆ ಹೊತ್ತು ಇಳಿಯುವಾಗ ಅವರು ಜಾರಿ ಬಿದ್ದರು. ಉರುಳೆ ಕತ್ತಿನ ಮೇಲೆ ಬಿತ್ತು. ತುಕಡಿಯ ವೈದ್ಯರು ಅವತ್ತು ಬೇರೆ ಶಿಬಿರಕ್ಕೆ ಹೋಗಿದ್ದರು. ಅವರ ಸಹಾಯಕ ಮಾತ್ರೆ ಕೊಟ್ಟು, ಮೂರು ವಾರ ಹಗುರ ಕೆಲಸ ಎಂದ. ಎಲ್ಲೂ ಬರೆಯಲಿಲ್ಲ. ಇವರೂ ಬರೆಸಲಿಲ್ಲ. ಏಳು ವರ್ಷ ಹಾಗೇ ದುಡಿದು ಸೇವೆ ಮುಗಿಸಿದರು. ಹೊರಗೆ ಬರುವ ಹೊತ್ತಿಗೆ ಎಡಗೈ ಹಿಡಿತ ಹೋಗಿತ್ತು. ಆಗ ಅವರಿಗೆ ಮೂವತ್ತನಾಲ್ಕು. ಅವರಿಗೂ ಬಂದದ್ದು ಅದೇ ಉತ್ತರ, ವಯೋಸಹಜ ಸವೆತ. ಜೊತೆಗೆ ಇನ್ನೊಂದು ಸಾಲು: ಸೇವೆಯಲ್ಲಿದ್ದಾಗ ಪೆಟ್ಟಾದದ್ದಕ್ಕೆ ದಾಖಲೆ ಇಲ್ಲ.

"ಸೈನ್ಯದಲ್ಲಿ ಬೆನ್ನು ತೋರಿಸಬಾರದು ಅಂತ ಕಲಿಸಿದ್ರು. ಹೊರಗೆ ಬಂದ ಮೇಲೆ ಕಂಡಕಂಡ ಡಾಕ್ಟರಿಗೆಲ್ಲ ಬೆನ್ನು ತೋರಿಸೋದೇ ಕೆಲಸ ಆಯ್ತು" ಎನ್ನುತ್ತಾರೆ ತಂತಿಯಣ್ಣ. ಹೆಂಡತಿ ನಗುವುದಿಲ್ಲ. ಒಂದು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಹಾಕಿ ಮನೆ ನಡೆಸುತ್ತಿರುವವರು ಆಕೆ. "ತಮಾಷೆಗೇನೂ ಕಮ್ಮಿ ಇಲ್ಲ ಇವರಿಗೆ. ಹೇಳಬೇಕಾದ್ದನ್ನ ಮಾತ್ರ ಹೇಳಲ್ಲ" ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ.

ಆಕೆ ಹೇಳಿದ್ದು ನಿಜ. ಕತ್ತಕ್ಕನ ಮುಂದೆ ಎಂಟು ಸಲ ಕೂತಾಗಲೂ ಅವರು ಒಂದು ವಿಷಯವನ್ನು ಬಾಯಿಬಿಟ್ಟಿರಲಿಲ್ಲ. ಒಂಬತ್ತನೆಯ ಸಲ ಕತ್ತಕ್ಕ ಕೇಳಿದರು. "ಹಗುರ ಕೆಲಸ ಅಂದ್ರಲ್ಲ, ಆ ಮೂರು ವಾರ ಏನ್ ಮಾಡಿದ್ರಿ?"

"ಏನೋ ಒಂದು."

"ಏನೋ ಒಂದು ಅಂತ ಟೈಪ್ ಮಾಡೋಕಾಗಲ್ಲಪ್ಪ."

ತಂತಿಯಣ್ಣ ಮೈಯನ್ನು ಬೀದಿಯ ಕಡೆ ತಿರುಗಿಸಿಕೊಂಡರಂತೆ. ಆಮೇಲೆ, "ಅಡುಗೆಮನೇಲಿ ಆಲೂಗಡ್ಡೆ ಸಿಪ್ಪೆ ತೆಗೀತಿದ್ದೆ" ಎಂದರು. ಜೊತೆಯವರು ಮೂರು ವಾರ ಆಡಿಕೊಂಡು ನಕ್ಕಿದ್ದರು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ನುಂಗಿಕೊಂಡು ಬಂದ ಮಾತು.

ಕತ್ತಕ್ಕ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು. ಅಡುಗೆಮನೆಗೆ ಯಾರನ್ನು ಹಾಕಿದರೂ ಅಲ್ಲಿ ಹಾಜರಿ ಪುಸ್ತಕ ಇರುತ್ತದೆ. ಪೆಟ್ಟಿನ ದಾಖಲೆ ಇಲ್ಲದಿರಬಹುದು, ಸಿಪ್ಪೆಯ ದಾಖಲೆ ಇರಲೇಬೇಕು. ಸೈನ್ಯದ ದಾಖಲೆ ಉಗ್ರಾಣಕ್ಕೆ ಪತ್ರ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಅಂಥ ಪುಸ್ತಕಗಳನ್ನು ನಾಶಪಡಿಸಲಾಗಿದೆ ಎಂಬ ಉತ್ತರ ಬಂತು. ಹಾಗಾದರೆ ನಾಶಪಡಿಸಿದ ಆದೇಶದ ಪ್ರತಿ ಕಳಿಸಿ ಎಂದು ಬರೆದರು. ಒಟ್ಟು ಏಳು ಪತ್ರ. ಐದನೆಯ ತಿಂಗಳು ಒಂದು ಕಂದು ಲಕೋಟೆ ಬಂತು. ಒಳಗೆ ಎರಡು ಪುಟಗಳ ಮಸುಕು ನಕಲು. ಪುಸ್ತಕ ಸಿಕ್ಕಿತ್ತು. ಇಪ್ಪತ್ತೊಂದು ದಿನ ಅವರ ಹೆಸರು, ಅವರ ಸಂಖ್ಯೆ. ಷರಾ ಎಂಬ ಕಾಲಂನಲ್ಲಿ ಅಡುಗೆಮನೆಯ ಮೇಲ್ವಿಚಾರಕ ಪೆನ್ಸಿಲಿನಲ್ಲಿ ಬರೆದ ನಾಲ್ಕು ಪದ: "ಭಾರ ಎತ್ತುವಂತಿಲ್ಲ, ಕತ್ತು ಪೆಟ್ಟು."

"ಅದನ್ನ ನೋಡಿ ಇವರು ಅತ್ತುಬಿಟ್ರು" ಎನ್ನುತ್ತಾರೆ ಹೆಂಡತಿ. ತಂತಿಯಣ್ಣ ಇಲ್ಲ ಎನ್ನುವುದಿಲ್ಲ.

ಹತ್ತೂವರೆಗೆ ಗಂಡ ಹೆಂಡತಿ ಒಳಗೆ ಹೋಗುತ್ತಾರೆ. ಬರೆದುಕೊಟ್ಟವರಿಗೆ ಒಳಗೆ ಪ್ರವೇಶವಿಲ್ಲ. ಕತ್ತಕ್ಕ ಮತ್ತು ನಾನು ಎರಡನೆಯ ಮಹಡಿಯ ಪಡಸಾಲೆಯಲ್ಲಿ, ಮರದ ಬೆಂಚಿನ ಮೇಲೆ ಕೂರುತ್ತೇವೆ. ಕತ್ತಕ್ಕ ಬೆರಳ ಗಿಣ್ಣು ಒಂದೊಂದಾಗಿ ಒತ್ತಿಕೊಳ್ಳುತ್ತಾರೆ. ಪಡಸಾಲೆಯಲ್ಲಿ ಇನ್ನೂ ಹತ್ತು ಹನ್ನೆರಡು ಜನ ಕಾಯುತ್ತಿದ್ದಾರೆ. ಯಾರ ಕೋಲು ಬಿದ್ದರೂ ಎತ್ತಿಕೊಡಲು ಮೊದಲು ಏಳುವವರು ಕತ್ತಕ್ಕ.

ಬಾಗಿಲು ತೆರೆಯುವಾಗ ಹನ್ನೊಂದಾಗಲು ಐದು ನಿಮಿಷ. ಮೊದಲು ಹೊರಬರುವವರು ಹೆಂಡತಿ. ನಾಲ್ಕು ಹೆಜ್ಜೆ ಬಂದು, ಕತ್ತಕ್ಕನ ಎರಡೂ ಕೈ ಹಿಡಿದುಕೊಂಡು, "ಒಪ್ಕೊಂಡ್ರು ಅಕ್ಕ" ಎನ್ನುತ್ತಾರೆ. ಕತ್ತಕ್ಕ, "ಬಾಯಲ್ಲಿ ಹೇಳಿದ್ರೋ, ಬರ್ಕೊಂಡ್ರೋ?" ಎಂದು ಕೇಳುತ್ತಾರೆ. ಬರೆದುಕೊಂಡಿದ್ದಾರೆ. ಆದೇಶದ ಪ್ರತಿ ಎರಡು ವಾರದಲ್ಲಿ ಮನೆಗೆ ಬರುತ್ತದೆ. ವಿಳಾಸ ಸರಿಯಿದೆಯಾ ಎಂದು ಕತ್ತಕ್ಕ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಒಳಗೆ ನಡೆದದ್ದನ್ನು ತಂತಿಯಣ್ಣ ಮೆಟ್ಟಿಲಿಳಿಯುತ್ತ ಹೇಳುತ್ತಾರೆ. ಮೂವರು ಸದಸ್ಯರಲ್ಲಿ ಒಬ್ಬರು ವೈದ್ಯರು. ಪುಸ್ತಕದ ನಕಲನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ಆಲೂಗಡ್ಡೆ ಸುಲಿದಿರಿ ಎಂದು ಕೇಳಿದರಂತೆ. "ಲೆಕ್ಕ ಇಟ್ಟಿಲ್ಲ ಸರ್, ಇಡೀ ತುಕಡಿ ತಿಂದಿತು ಅಂದೆ. ಮೂರೂ ಜನ ನಕ್ರು. ನಂಗೆ ಅಲ್ಲೇ ಅರ್ಧ ಭಾರ ಇಳೀತು." ನಕ್ಕು ಮುಗಿಸಿದ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು. ಕೂತು ಸುಲೀತಿದ್ದಿರಾ, ನಿಂತಾ?

"ನಿಂತೇ ಸರ್ ಅಂದೆ. ಕತ್ತು ಬಗ್ಗಿಸೋಕಾಗ್ತಿರಲಿಲ್ಲ. ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ತಟ್ಟೆ ಇಟ್ಟು, ಗಲ್ಲದ ಮಟ್ಟಕ್ಕೆ ತಂದ್ಕೊಂಡು ಸುಲೀತಿದ್ದೆ. ಕೈ ಎಷ್ಟು ಎತ್ತರಕ್ಕೆ ಹೋಗ್ತಿತ್ತು ಅಂತ ತೋರಿಸಿದೆ. ಡಾಕ್ಟ್ರು ಪೆನ್ನು ತಗೊಂಡು ಬರೆಯೋಕೆ ಶುರು ಮಾಡಿದ್ರು."

ಕತ್ತಕ್ಕ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ. "ಪೆಟ್ಟಿಗೆ ವಿಷಯ ನನಗೆ ಹೇಳಲೇ ಇಲ್ಲವಲ್ಲ ನೀವು."

"ನೀವು ಕೇಳಲಿಲ್ಲ ಅಕ್ಕ."

"ಹದಿನಾರು ಪುಟ ಬರೆದಿದೀನಿ, ಗೆದ್ದದ್ದು ಬರೀದೇ ಇದ್ದ ಮಾತಿನಿಂದ" ಎಂದು ಕತ್ತಕ್ಕ ಜೋರಾಗಿ ನಗುತ್ತಾರೆ. ಬೆಳಗಿನಿಂದ ಅವರು ಇಷ್ಟು ನಿರಾಳವಾಗಿ ನಕ್ಕದ್ದು ಇದೇ ಮೊದಲು. ತಂತಿಯಣ್ಣನ ಹೆಂಡತಿಯೂ ನಗುತ್ತಾರೆ. ಬೀದಿ ದಾಟುವಾಗ ಗಂಡನ ತೋಳು ಹಿಡಿದು, ಅವರು ತಿರುಗಿ ನೋಡಲಾಗದ ಕಡೆಯಿಂದ ಬರುವ ವಾಹನಗಳನ್ನು ತಾವು ನೋಡುತ್ತಾರೆ. ಪಿಂಚಣಿ ಬಂದರೆ ಕತ್ತಿನ ಶಸ್ತ್ರಚಿಕಿತ್ಸೆಗೆ ಹಣವಾಗುತ್ತದೆ, ಇನ್ನು ದಿನ ಗೊತ್ತು ಮಾಡಬಹುದು. ಇಷ್ಟು ದಿನ ಆ ವಿಷಯ ಬಂದರೆ ಇಬ್ಬರೂ ಮಾತು ಬದಲಾಯಿಸುತ್ತಿದ್ದರಂತೆ. ಬಸ್ ನಿಲ್ದಾಣದ ತನಕವೂ ಇಬ್ಬರೂ ಅದನ್ನೇ ಮಾತಾಡಿಕೊಂಡು ಹೋಗುವುದು ನಮಗೆ ಕಾಣುತ್ತದೆ.

ಅಂಗಡಿಯಲ್ಲಿ ಯಜಮಾನರು ಚಹಾ ತರಿಸಿಟ್ಟಿದ್ದಾರೆ. ಗೋಡೆಗೆ ಅಷ್ಟರಲ್ಲಿ ಇನ್ನೊಬ್ಬರು ಒರಗಿ ನಿಂತಿದ್ದಾರೆ. ಕತ್ತಕ್ಕ ಅವರಿಗೆ ಐದು ನಿಮಿಷ ಎಂದು ಸನ್ನೆ ಮಾಡಿ, ಚಹಾ ಕುಡಿಯುತ್ತ ನನ್ನ ಕೊನೆಯ ಪ್ರಶ್ನೆಗೆ ಉತ್ತರಿಸುತ್ತಾರೆ. ಏನಾದರೂ ಆಸೆ ಉಂಟೇ ಎಂದು ಕೇಳಿದ್ದೆ.

ಉಂಟಂತೆ. ಹೊಸದಾಗಿ ಸೈನ್ಯಕ್ಕೆ ಸೇರುವವರ ತರಬೇತಿ ಶಿಬಿರವೊಂದು ಈ ಊರಿನಿಂದ ಎರಡು ಗಂಟೆ ದೂರದಲ್ಲಿದೆ. ಅಲ್ಲಿನ ಮುಖ್ಯಸ್ಥರಿಗೆ ಕತ್ತಕ್ಕ ನಾಲ್ಕು ವರ್ಷದಿಂದ ಬರೆಯುತ್ತಿದ್ದರು, ಆ ಮಕ್ಕಳ ಜೊತೆ ಸ್ವಲ್ಪ ಮಾತಾಡಲು ಬಿಡಿ ಎಂದು. ಹೋದ ವಾರ ಒಪ್ಪಿಗೆ ಬಂದಿದೆ. ಮುಂದಿನ ತಿಂಗಳ ಮೊದಲ ಸೋಮವಾರ, ಇಪ್ಪತ್ತು ನಿಮಿಷ. ಯಜಮಾನರೂ ಜೊತೆಗೆ ಹೋಗುತ್ತಿದ್ದಾರೆ, ಹಳೆಯ ಸಮವಸ್ತ್ರ ಹೊರಗೆ ತೆಗೆದಾಗಿದೆ.

"ಇಪ್ಪತ್ತು ನಿಮಿಷ ಸಾಲುತ್ತಾ?" ಎನ್ನುತ್ತೇನೆ.

"ಧಾರಾಳವಾಯ್ತು. ನಾನು ಹೇಳೋದು ಒಂದೇ ಮಾತು. ಬಿದ್ದ ದಿನವೇ ಬರೆಸಿಕೊಳ್ಳಿ, ನಾಚ್ಕೋಬೇಡಿ. ಅದಕ್ಕೆ ಒಂದು ನಿಮಿಷ ಸಾಕು" ಎಂದು ಕತ್ತಕ್ಕ ಖಾಲಿ ಲೋಟ ಕೆಳಗಿಡುತ್ತಾರೆ. "ಉಳಿದ ಹತ್ತೊಂಬತ್ತು ನಿಮಿಷ ಅವರು ಕೇಳಲಿ. ನನಗೆ ಗೊತ್ತಿರೋದನ್ನೆಲ್ಲ ಹೇಳಿಬರ್ತೀನಿ."